ಡಾಕ್ಟರ್ ಬಾಲಯೇಸುವಿನ ಮಡಿಲಲ್ಲಿ ಸಾರ್ಜೆಂಟ್

ಹುವಾಮಾಂತ್ಲಾ ಊರಿನಲ್ಲಿ ಬಾಲಯೇಸುವಿಗೆ ಬಟ್ಟೆ ತೊಡಿಸುವುದರಲ್ಲಿ ಎಲ್ಲರೂ ಗೌರವದಿಂದ ದೋನ್ಯಾ ಎನ್ನುವ ಒಲಿವೇರಿಯಾಳನ್ನು ಮೀರಿಸಿದವರಿಲ್ಲ. ಇದ್ದಾರೆ ಎಂದು ಯಾರಾದರೂ ಹೇಳಿದರೆ ಅವರು ಸುಳ್ಳುಗಾರರು, ಅಷ್ಟೇ. ಕ್ರಿಸ್‌ಮಸ್ ಮುಗಿದದ್ದೇ ತಡ, ಮನೆಮನೆಯ ಗೋದಲಿಗಳಿಂದ ಬಾಲಯೇಸುವಿನ ಪ್ರತಿಮೆಗಳು ಎದ್ದು ಅವಳ ಮನೆಗೆ ಬರುತ್ತವೆ. ಬೆರಳು ಮುರಿದದ್ದು, ಮೂಗು ಸವೆದದ್ದು, ಯಾರದೋ ಮೊಮ್ಮಗಳು ಸ್ನಾನ ಮಾಡಿಸಲು ಹೋಗಿ ಬಣ್ಣ ಬಿಟ್ಟದ್ದು, ಎಲ್ಲ ಅವಳ ಮೇಜಿನ ಮೇಲೆಯೇ. ಅವನ್ನು ರಿಪೇರಿ ಮಾಡಿ, ಹೊಸ ಬಟ್ಟೆ ಹೊಲಿದು ತೊಡಿಸಿ, ಪುಟ್ಟ ಕುರ್ಚಿಗಳಲ್ಲಿ ಕೂರಿಸಿ, ಫೆಬ್ರವರಿ ಎರಡರಂದು ಕಾಂದೆಲಾರಿಯಾ ಹಬ್ಬದ ಬೆಳಿಗ್ಗೆ ಒಡೆಯರಿಗೆ ಒಪ್ಪಿಸಬೇಕು. ಅವರು ಚರ್ಚಿಗೆ ಹೊತ್ತುಕೊಂಡು ಹೋಗಿ ಪಾದ್ರಿಯ ಕೈಯಿಂದ ಪವಿತ್ರ ಜಲ ಚಿಮುಕಿಸಿಕೊಂಡು ಬರುತ್ತಾರೆ. ಒಲಿವೇರಿಯಾ ಒಂದು ಸಲವೂ ತಡಮಾಡಿದವಳಲ್ಲ.

ಈ ವರ್ಷ ಎಲ್ಲರಿಗಿಂತ ಮೊದಲು ಬಂದವಳು ಪಾನ್‌ಫಿಲಾ. ಒಲಿವೇರಿಯಾಳ ಮಗನಿಗೆ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾದವಳು ಇವಳೇ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಅವಳ ನಾಲಿಗೆಗೆ ಎಲುಬೂ ಇಲ್ಲ, ಬೀಗವೂ ಇಲ್ಲ.

"ಈ ಸಲ ನಮ್ಮ ಯೇಸುವಿಗೆ ಡಾಕ್ಟರ್ ವೇಷ ಹಾಕು, ಕೊಮಾದ್ರೆ. ಪಿತ್ತಕೋಶದ ಆಪರೇಷನ್ ಸರಿಯಾಗಿ ಆದ್ರೆ ಹಾಕಿಸ್ತೀನಿ ಅಂತ ಹರಕೆ ಹೊತ್ತಿದ್ದೆ. ಕೋಟು ಬೆಳ್ಳಗೆ ಫಳಫಳ ಅನ್ಬೇಕು ನೋಡು."

ಒಲಿವೇರಿಯಾ ಕೋಟು ಹೊಲಿದಳು, ಸ್ಟೆತಾಸ್ಕೋಪನ್ನೂ ಮಾಡಿದಳು. ಪ್ರತಿಮೆ ಜಾರದಿರಲೆಂದು ಕುರ್ಚಿಯ ತುಂಬ ಹತ್ತಿ ತುಂಬಿದಳು. ತಲೆಯ ಮೇಲೆ ಪ್ರಭೆಯಾಗಿ ಸಿಕ್ಕಿಸಿದ್ದ ಮೂರು ಹಿತ್ತಾಳೆ ಕಿರಣಗಳನ್ನು ನಿಂಬೆರಸ ಹಾಕಿ ಉಜ್ಜಿ ಫಳಫಳಗುಟ್ಟಿಸಿದಳು. ಎಡವಟ್ಟಾದದ್ದು ಅಲ್ಲೇ.

ಆ ಮನೆಯಲ್ಲಿ ಸಾರ್ಜೆಂಟ್ ಎಂಬ ಹಸಿರು ಬಡ್ಜಿ ಗಿಳಿಯೊಂದಿತ್ತು. ರೆಕ್ಕೆಯ ಮೇಲೆ ಪಟ್ಟೆಗಳಿದ್ದುದರಿಂದ ಆ ಹೆಸರು. ಒಲಿವೇರಿಯಾಳ ಗಂಡ ಎಲಾದಿಯೊ ಸೈಕಲ್ಲಿನ ಮೇಲೆ ಬ್ರೆಡ್ ಮಾರುತ್ತಿದ್ದ. ಅವನು ತೀರಿಕೊಂಡ ವರ್ಷ ಪಾನ್‌ಫಿಲಾ ಸಂತೆಯಿಂದ ಈ ಹಕ್ಕಿಯನ್ನು ತಂದು, "ಗಂಡು ಹಕ್ಕಿ, ಕೇಳಿಯೇ ತಂದಿದ್ದೀನಿ. ಮನೇಲಿ ಒಂದು ಗಂಡು ದನಿ ಇರ್ಲಿ" ಎಂದು ಕೊಟ್ಟಿದ್ದಳು. ಬೀದಿಯ ತಿರುವಿಗೆ ಬಂದಾಗ ಎಲಾದಿಯೊ ಹಾಕುತ್ತಿದ್ದ ಸಿಳ್ಳೆಯನ್ನು, ಒಂದು ಉದ್ದ ಒಂದು ಗಿಡ್ಡ, ಒಲಿವೇರಿಯಾ ಅದಕ್ಕೆ ಕಲಿಸಿದಳು. ಅದಕ್ಕೆ ಬರುತ್ತಿದ್ದುದು ಆ ಸಿಳ್ಳೆ ಮತ್ತು "ಒಲೀ" ಎಂಬ ಕರೆ, ಎರಡೇ. ಅವಳಿಗೆ ಅಷ್ಟೇ ಸಾಕಾಗಿತ್ತು.

ಜನವರಿಯಲ್ಲಿ ಸಾರ್ಜೆಂಟಿನ ವರಸೆ ಬದಲಾಯಿತು. ಇಡೀ ದಿನ ಡಾಕ್ಟರ್ ಬಾಲಯೇಸುವಿನ ಭುಜದ ಮೇಲೆ ಕೂತು ಹಿತ್ತಾಳೆಯ ಕಿರಣಗಳ ಜೊತೆ ಗುಸುಗುಸು ಮಾತು. ಎಷ್ಟು ಭಕ್ತಿ ಬಂದಿದೆ ನೋಡು ಎಂದು ಒಲಿವೇರಿಯಾ ಹಿಗ್ಗಿದಳು. ಒಂದು ಬೆಳಿಗ್ಗೆ ನೋಡಿದರೆ ಆ ಡಾಕ್ಟರನ ಮಡಿಲಲ್ಲಿ, ಹತ್ತಿಯ ನಡುವೆ, ಕಡಲೆಕಾಯಿ ಬೀಜದಷ್ಟು ದಪ್ಪದ ಬಿಳಿ ಮೊಟ್ಟೆ.

ದೇವರ ಮಡಿಲಲ್ಲಿ ಮೊಟ್ಟೆಯೇ ಎಂದು ಗಲ್ಲ ಗಲ್ಲ ಬಡಿದುಕೊಂಡು ಅದನ್ನು ತೆಗೆದು ಬಿಸಾಡಿದಳು. ಹಕ್ಕಿ ಇನ್ನೊಂದು ಇಟ್ಟಿತು. ಅದನ್ನೂ ಬಿಸಾಡಿದಳು. ಆಮೇಲೆ ಸಾರ್ಜೆಂಟ್ ಸಿಳ್ಳೆ ಬಿಟ್ಟಿತು, ಕಾಳು ಬಿಟ್ಟಿತು, ಮೈ ಉಬ್ಬಿಸಿಕೊಂಡು ಅರೆಗಣ್ಣು ಮುಚ್ಚಿ ಪಂಜರದ ನೆಲದಲ್ಲಿ ಕೂತುಬಿಟ್ಟಿತು. ಒಲಿವೇರಿಯಾ ಬೂಟಿನ ಡಬ್ಬಿಯಲ್ಲಿ ಅದನ್ನು ಹಾಕಿಕೊಂಡು ಪಶುವೈದ್ಯೆ ಯಾದೀರಾಳ ಬಳಿಗೆ ಓಡಿದಳು.

"ಇದು ಸಾರ್ಜೆಂಟ್ ಅಲ್ಲಮ್ಮ, ಸಾರ್ಜೆಂಟಮ್ಮ," ಎಂದಳು ಯಾದೀರಾ. "ಮೂಗಿನ ಬಣ್ಣ ನೋಡಿ, ಕಂದು. ಗಂಡಾಗಿದ್ರೆ ನೀಲಿ ಇರೋದು."

"ಮೊಟ್ಟೆ ಇಟ್ಟಾಗ್ಲೇ ನನಗೂ ಸ್ವಲ್ಪ ಅನುಮಾನ ಬಂದಿತ್ತು. ಆದ್ರೆ ಜೊತೆಗೆ ಗಂಡೇ ಇಲ್ವಲ್ಲ, ಹೆಂಗೆ?"

"ಕೋಳಿ ಇಡಲ್ವಾ, ಹಂಗೇ. ಅದು ಮರಿಯಾಗಲ್ಲ. ಆದ್ರೆ ನೀವು ತೆಗೆದಷ್ಟೂ ಇವಳು ಇಡ್ತಾನೇ ಇರ್ತಾಳೆ, ಮೈಯಲ್ಲಿರೋ ಸುಣ್ಣ ಎಲ್ಲಾ ಬಸಿದು ಹೋಗುತ್ತೆ. ಹಿಂಗೇ ಆದ್ರೆ ಉಳಿಯಲ್ಲ ಅಮ್ಮ. ಇನ್ಮೇಲೆ ಇಟ್ಟದ್ದನ್ನ ಮುಟ್ಟಬೇಡಿ. ತಾನಾಗೇ ಬೇಜಾರಾಗಿ ಎದ್ದು ಹೋಗೋ ತನಕ ಕೂತಿರ್ಲಿ. ಕೋಳಿಮೊಟ್ಟೆ ಸಿಪ್ಪೆ ಬೇಯಿಸಿ ಪುಡಿ ಮಾಡಿ ಕಾಳಿಗೆ ಬೆರೆಸಿ. ಸಂಜೆ ಬೇಗ ಕತ್ತಲು ಮಾಡಿ. ಮನೇಲಿ ಕನ್ನಡಿ ಇದ್ರೆ ತೆಗೆದಿಡಿ, ಅದರಲ್ಲಿ ಕಾಣೋ ಹಕ್ಕೀನೇ ಗಂಡ ಅಂದ್ಕೊಂಡುಬಿಡ್ತವೆ."

ಮನೆಗೆ ಬಂದವಳೇ ಒಲಿವೇರಿಯಾ ಕನ್ನಡಿಯಂತೆ ಹೊಳೆಯುತ್ತಿದ್ದ ಹಿತ್ತಾಳೆಯ ಕಿರಣಗಳನ್ನು ಕಿತ್ತು ಸಕ್ಕರೆ ಡಬ್ಬಿಯಲ್ಲಿ ಬಚ್ಚಿಟ್ಟಳು. ಅಷ್ಟರಲ್ಲಿ ಸಾರ್ಜೆಂಟ್ ಹಾರಿ ಹೋಗಿ ಅದೇ ಮಡಿಲಲ್ಲಿ ಮೂರನೆಯದನ್ನು ಇಟ್ಟು, ಸರ್ಕಾರಿ ಕುರ್ಚಿ ಸಿಕ್ಕವರ ಹಾಗೆ ಅದರ ಮೇಲೆ ಕೂತಿತು. ಒಲಿವೇರಿಯಾ ಸಿಪ್ಪೆ ಅರೆದಳು, ಸಂಜೆಯಾಗುವ ಮೊದಲೇ ಪರದೆ ಎಳೆದಳು, ಕಾಳನ್ನು ಡಾಕ್ಟರನ ಪಾದದ ಬಳಿಯೇ ಇಟ್ಟಳು. ಹಕ್ಕಿ ತಿಂದಿತು. ಬೆಳ್ಳನೆಯ ಕೋಟಿನ ಮೇಲೆಯೇ ಹಿಕ್ಕೆಯನ್ನೂ ಹಾಕಿತು. ಸಿಳ್ಳೆ ಮಾತ್ರ ಇಲ್ಲ, "ಒಲೀ" ಕೂಡ ಇಲ್ಲ. ಮನೆ ಬಿಕೋ ಅನ್ನುತ್ತಿತ್ತು. ಹಬ್ಬ ಹತ್ತಿರ ಬಂದರೂ ಅದು ಏಳುವ ಲಕ್ಷಣ ಕಾಣಲಿಲ್ಲ. ಅತ್ತ ದರಿ, ಇತ್ತ ಪುಲಿ. ಪಾನ್‌ಫಿಲಾ ವಿಚಾರಿಸಲು ಬಂದಾಗಲೆಲ್ಲ ಒಲಿವೇರಿಯಾ ಬಾಗಿಲಲ್ಲೇ ಅಡ್ಡ ನಿಂತು, "ಬಣ್ಣ ಒಣಗಿಲ್ಲ ಕೊಮಾದ್ರೆ" ಎಂದು ಸಾಗಹಾಕಿದಳು.

ಹಬ್ಬದ ಬೆಳಿಗ್ಗೆ ಬೇರೆ ಬಾಲಯೇಸುಗಳೆಲ್ಲ ತಮ್ಮ ತಮ್ಮ ಮನೆ ಸೇರಿದ ಮೇಲೆ ಪಾನ್‌ಫಿಲಾ ನೇರ ಒಳಗೆ ನುಗ್ಗಿ, ಕುರ್ಚಿಗೆ ಹೊದಿಸಿದ್ದ ಬಟ್ಟೆಯನ್ನು ಎತ್ತಿದಳು.

"ನನ್ನ ಯೇಸುವಿನ ಮಡಿಲಲ್ಲಿ ಈ ಹಕ್ಕಿ ಏನು ಮಾಡ್ತಿದೆ?"

"ಬಾಣಂತನ."

"ಯಾರದು?"

"ನೀನು ಕೊಟ್ಟ ಗಂಡಸಿನದು."

ಪಾನ್‌ಫಿಲಾ ಹಕ್ಕಿಯನ್ನು ಎತ್ತಲು ಕೈ ಹಾಕಿದಳು. ಸಾರ್ಜೆಂಟ್ ಕಟುಕ್ಕೆಂದು ಬೆರಳು ಕಚ್ಚಿತು.

"ಇದನ್ನ ತೆಗೆದು ಆಚೆ ಹಾಕು. ಚರ್ಚಲ್ಲಿ ಗಂಟೆ ಹೊಡೀತಿದೆ."

"ಆಗಲ್ಲ," ಎಂದಳು ಒಲಿವೇರಿಯಾ. ಕೊಮಾದ್ರೆಗೆ ಅವಳು ಆ ಮಾತು ಹೇಳಿದ್ದು ಅದೇ ಮೊದಲು. "ತೆಗೆದ್ರೆ ಮತ್ತೆ ಮೊಟ್ಟೆ ಇಟ್ಟು ಇಟ್ಟು ಸತ್ತೇಹೋಗ್ತಾಳಂತೆ. ನನ್ನನ್ನ ಹೆಸರು ಹಿಡಿದು ಕರೆಯೋರು ಈ ಮನೇಲಿ ಇನ್ಯಾರಿದ್ದಾರೆ ಹೇಳು. ಹಬ್ಬ ಬರೋ ವರ್ಷನೂ ಬರುತ್ತೆ, ಇವಳು ಬರ್ತಾಳಾ? ಬೈಯೋದಾದ್ರೆ ಬೈದುಬಿಡು. ನಾನು ಮುಟ್ಟಲ್ಲ, ನಿನ್ನನ್ನೂ ಮುಟ್ಟೋಕೆ ಬಿಡಲ್ಲ."

ಪಾನ್‌ಫಿಲಾ ಬೆರಳು ಚೀಪುತ್ತ, ಬಿಳಿ ಕೋಟಿನ ಡಾಕ್ಟರನನ್ನೂ ಅವನ ಮಡಿಲ ರೋಗಿಯನ್ನೂ ನೋಡಿದಳು. ಅವಳ ಕೈ ತಾನಾಗಿಯೇ ಹೊಟ್ಟೆಯ ಹೊಲಿಗೆಯ ಮೇಲೆ ಹೋಯಿತು.

"ನನ್ನ ಹೊಟ್ಟೆ ಕುಯ್ದಿಟ್ಟು, ಗಂಟೆ ಹೊಡೀತು ಅಂತ ಆ ಡಾಕ್ಟರು ಎದ್ದು ಚರ್ಚಿಗೆ ಹೋಗಿದ್ರೆ ನನ್ನ ಗತಿ ಏನಾಗ್ತಿತ್ತು?" ಎಂದಳು. "ರೋಗೀನ ನಡುವೆ ಬಿಟ್ಟು ಬರೋ ಡಾಕ್ಟರು ನನಗೂ ಬೇಡ. ಹಿಡಿ ಆ ಕಡೆ. ಕುರ್ಚಿ ಸಮೇತ ಇಬ್ಬರನ್ನೂ ಹೊರೋಣ."

ಹಾಗೆ ಇಬ್ಬರೂ ಹೆಂಗಸರು ಕುರ್ಚಿಯನ್ನು ಮದುವೆಯ ಕೇಕಿನಂತೆ ಹಿಡಿದುಕೊಂಡು ಬೀದಿಯ ನಡುವೆ ನಡೆದರು. ಚರ್ಚಿನಲ್ಲಿ ಫಾದರ್ ನಾಬೋರ್ ಸಾಲಾಗಿ ಬಂದ ಬಾಲಯೇಸುಗಳಿಗೆಲ್ಲ ಪವಿತ್ರ ಜಲ ಚಿಮುಕಿಸುತ್ತಿದ್ದರು. ಅವರ ಕಣ್ಣು ಅಷ್ಟಕ್ಕಷ್ಟೇ. ಹಸಿರು ಹಕ್ಕಿಯನ್ನು ಹೊಲಿದ ಗೊಂಬೆಯೆಂದು ತಿಳಿದು, "ಚೆನ್ನಾಗಿ ಮಾಡಿದ್ದೀಯಮ್ಮ" ಎಂದು ಧಾರಾಳವಾಗಿಯೇ ಚಿಮುಕಿಸಿದರು.

ಗೊಂಬೆ ಮೈ ಉಬ್ಬಿಸಿ, ಒದರಿಕೊಂಡು, ನೀರನ್ನು ಫಾದರಿನ ಕನ್ನಡಕಕ್ಕೇ ಹಿಂದಿರುಗಿಸಿತು. ಆಮೇಲೆ ಕತ್ತು ನೆಟ್ಟಗೆ ಮಾಡಿ ಸಿಳ್ಳೆ ಹಾಕಿತು. ಒಂದು ಉದ್ದ, ಒಂದು ಗಿಡ್ಡ.

ಬಾಗಿಲ ಬಳಿ ಕೂತಿದ್ದ ಮುದುಕನೊಬ್ಬ ಅಭ್ಯಾಸಬಲದಿಂದ ಎದ್ದು, ಬ್ರೆಡ್ಡಿನ ಸೈಕಲ್ ಎಲ್ಲಿ ಎಂದು ಹೊರಗೆ ಇಣುಕಿದ. ಇನ್ನೂ ಇಬ್ಬರು ಮೂವರು ಅತ್ತಲೇ ತಿರುಗಿದರು. ಒಲಿವೇರಿಯಾಳಿಗೆ ನಗು ಮತ್ತು ಅಳು ಒಟ್ಟಿಗೇ ಬಂದು, ಯಾವುದನ್ನು ತಡೆಯಬೇಕೆಂದು ತಿಳಿಯದೆ ಎರಡನ್ನೂ ಬಿಟ್ಟುಬಿಟ್ಟಳು. ಪಾನ್‌ಫಿಲಾ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದು, "ಅಲ್ಲಾಡಿಸಬೇಡ, ಎಲಾದಿಯೊ ಬಿದ್ದಾನು" ಎಂದು ಗದರಿದಳು.

ಕುರ್ಚಿ ಒಲಿವೇರಿಯಾಳ ಮನೆಗೇ ವಾಪಸು ಬಂತು. ಹಬ್ಬ ಕಳೆದು ಒಂದು ವಾರಕ್ಕೆ ಸಾರ್ಜೆಂಟ್ ತಾನಾಗಿ ಎದ್ದು, ಮೊಟ್ಟೆಯತ್ತ ತಿರುಗಿಯೂ ನೋಡದೆ, "ಒಲೀ" ಎಂದು ಕೂಗುತ್ತ ಅಡಿಗೆಮನೆಗೆ ಬಂತು. ಒಲಿವೇರಿಯಾ ಡಾಕ್ಟರನ ಕೋಟು ಬಿಚ್ಚಿ ಸೋಪು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಪಾನ್‌ಫಿಲಾ ಬಂದು ಕೋಟನ್ನು ಕಿತ್ತುಕೊಂಡಳು.

"ಕಲೆ ಇರ್ಲಿ, ತೊಳೀಬೇಡ. ಕೆಲಸ ಮಾಡಿದ ಡಾಕ್ಟರ ಕೋಟು ಅಂದ್ಮೇಲೆ ಕಲೆ ಇರಲ್ವಾ?"