ಅಲಸಂದೆ ತಿನ್ನುವವರ ರಾಜಧಾನಿ

ಮಧ್ಯಾಹ್ನ ಮೂರೂ ಹತ್ತಕ್ಕೆ ಬಂದೂಕಿನ ನಳಿಕೆ ನನ್ನ ಎಣ್ಣೆ ಬಾಟಲಿಗಳನ್ನು ಕೆದಕಿ, ಎದೆಯತ್ತ ತಿರುಗಿತು. ಹಿಂದಿನಿಂದ ಯಾರೋ "ವಿಷ" ಎಂದರು.

ಇದು ಮಾಲಿ ದೇಶದ ಸೆಗು, ನೈಜರ್ ನದಿಯ ದೋಣಿ ಬಂದರು. ಹಿಂದೆ ಕೂಲಿಬಾಲಿ ಮನೆತನದ ರಾಜರು ಆಳಿದ ಊರು. ಕೆಮ್ಮಣ್ಣಿನ ಗೋಡೆಗಳ ಹಳೇ ಸೆಗುವಿನಲ್ಲಿ ಇಂದಿಗೂ ರಾಜನ ಸಮಾಧಿಯಿದೆ. ಹುಣಸೂರಿನ ಕಾಡಂಚಿನ ನಮ್ಮ ಕಾಲೋನಿಯವರು ಗಿಡಮೂಲಿಕೆಯ ತಲೆಎಣ್ಣೆ ಮಾರುತ್ತ ಆಫ್ರಿಕಾ ಸುತ್ತುವವರು. ಬಿ.ಎ. ಮುಗಿಸಿದ ನಾನೂ ಗಂಡನ ಜೊತೆ ಬಂದೆ. ನಮ್ಮ ಲಕ್ಷ್ಮಣತೀರ್ಥದಲ್ಲಿ ಬೇಸಿಗೆಗೆ ಮಂಡಿಯುದ್ದ ನೀರು. ಇಲ್ಲಿ ಆಚೆ ದಡದ ಮನುಷ್ಯ ಇರುವೆಯಷ್ಟು. ಮಡಕೆ, ಮೇಕೆ, ಒಣಮೀನು ಎಲ್ಲವೂ ದೋಣಿಯಲ್ಲೇ ಬರುತ್ತವೆ.

ಮನೆ ಬಾಡಿಗೆಗೆ ಕೊಟ್ಟ ಉಮು ಅಜ್ಜಿ ಮೊದಲ ದಿನವೇ ತನ್ನ ಮನೆತನದ ಹೆಸರನ್ನೂ ಕೊಟ್ಟಳು: ಕೂಲಿಬಾಲಿ. ರಾಜವಂಶವಾದರೇನು, ಊರೆಲ್ಲ ಅವರನ್ನು 'ಶೋ ತಿನ್ನೋರು' ಎಂದು ರೇಗಿಸುತ್ತದೆ. ಶೋ ಎಂದರೆ ಅಲಸಂದೆ. ನಮ್ಮಲ್ಲಿ ಅತ್ತೆಮಕ್ಕಳು ಅಣಕಿಸಿಕೊಂಡಂತೆ: ಸಿಟ್ಟಾಗುವಂತಿಲ್ಲ, ತಿರುಗಿ ಅಣಕಿಸಬೇಕು. ಅಣಕಿಸಿಕೊಂಡ ಮೇಲೆ ಯಾರೂ ಯಾರ ಮೇಲೂ ಕೈಮಾಡುವಂತಿಲ್ಲ.

"ಹೆಸರು?" ಎಂದ ಬಂದೂಕಿನ ಕಾವಲುಗಾರ. ಊರಾಚೆ ಗಲಭೆ, ಹೊಸ ಮುಖವೆಂದರೆ ಅನುಮಾನ.

"ಕೂಲಿಬಾಲಿ."

"ಓಹೋ, ಶೋ ತಿನ್ನೋಳು!"

ಕಲಿತಿದ್ದ ಇಲ್ಲಿನ ಬಂಬಾರಾ ಭಾಷೆ ಮರೆತೇಹೋಗಿ ಕನ್ನಡವೇ ನುಗ್ಗಿತು. "ನೀನೇ ಕಣ್ಲಾ ಶೋ ತಿನ್ನೋನು! ನಿಮ್ಮಪ್ಪ, ನಿಮ್ಮ ತಾತ, ಎಲ್ಲಾ ಶೋ ತಿಂದೇ ಒಟ್ಟೆ ಬೆಳ್ಸವ್ರೆ!"

ಶೋ ಎಂಬುದೊಂದೇ ಅವರಿಗೆ ತಿಳಿದದ್ದು. ಬಂದರಿಗೆ ಬಂದರೇ ನಕ್ಕಿತು. ಅವನೂ ನಕ್ಕ. ಬಂದೂಕು ಇಳಿಯಿತು.

ಆದರೆ ರಾತ್ರಿಯೆಲ್ಲ ಬೆಚ್ಚಿ ಏಳುತ್ತಿದ್ದೆ. ಕಣ್ಣು ಮುಚ್ಚಿದರೆ ಅದೇ ನಳಿಕೆ.

ಊರಿಂದ ಅವ್ವ ಫೋನಿನಲ್ಲಿ ಅತ್ತಳು. "ಬಂದ್ಬುಡು ಮಗಾ. ಆ ಊರು ಬ್ಯಾಡ ಕಣವ್ವ."

"ಹುಣಸೂರು ಬಸ್‌ಸ್ಟ್ಯಾಂಡಲ್ಲಿ ನನ್ ಬ್ಯಾಗು ಸುರ್ದು ಕಳ್ಳಿ ಅಂದ್ರಲ್ಲ, ಅವತ್ತು ಯಾರವ್ವಾ ಇಲ್ಲಿಯೋರಂಗೆ ನಕ್ಕು ಬುಡಿಸ್ಕಂಡೋರು?"

"ಅದೂ ದಿಟವೇ ಬುಡು," ಎಂದಳು ಅವ್ವ.

"ಅಂಗ್ಡಿ ಬೇರೆ ಕಡೆ ಇಡಾನ ಕಣೆ," ಎಂದ ಗಂಡ. ನಾನು ಒಪ್ಪಲಿಲ್ಲ. ಸೋಮವಾರದ ಸಂತೆಗೆ ಬಂದರಿನ ಅದೇ ಮೆಟ್ಟಿಲ ಮೇಲೆ ಬಾಟಲಿ ಜೋಡಿಸಿದೆ. ದಡಕ್ಕೆ ಬಂದ ದೋಣಿಯ ಹೆಂಗಸರೆಲ್ಲ ಒಟ್ಟಿಗೆ ಅಣಕಿಸಿದರು. ಈ ಸಲ ಬಂಬಾರಾದಲ್ಲೇ ತಿರುಗಿಸಿ ಕೊಟ್ಟೆ.

ಅಂದು ರಾತ್ರಿ ಒಮ್ಮೆಯೂ ಎಚ್ಚರವಾಗಲಿಲ್ಲ. ಬೆಳಗಾದಾಗ ಕಾಲೋನಿಯಲ್ಲೇ ಇದ್ದೇನೆಂದುಕೊಂಡು "ಅವ್ವಾ" ಎಂದು ಕೂಗಿದೆ. ಅಂಗಳದಿಂದ ಉಮು ಅಜ್ಜಿ ಓಗೊಟ್ಟಳು.