ಸಾಹೇಬರ ಬೂಟಿಗೆ ಹಾಸಿದ ದಬ್ಬೆ

ನಮ್ಮ ಕಡವಿನ ಹಣೆಬರಹ ಬರೆಯುವವರು ಘಟ್ಟದ ಕೆಳಗೆ, ಕಡಲ ದಂಡೆಯಲ್ಲಿ ಕೂತಿದ್ದಾರೆ ಎಂಬುದು ನನಗೆ ಬಹಳ ವರ್ಷ ಗೊತ್ತೇ ಇರಲಿಲ್ಲ. ನರಸಿಂಹರಾಜಪುರದ ಪೇಟೆಗೂ ನಮ್ಮ ಊರಿಗೂ ನಡುವೆ ಭದ್ರೆಯ ಹಿನ್ನೀರು. ಆ ಕಡವು ದಾಟಿಸಲಿಕ್ಕೆ ಒಂದು ಲಾಂಚು. ಕಾಡು ಸುತ್ತಿ ಹೋಗುವ ರಸ್ತೆಯೊಂದಿದೆ, ಅದಕ್ಕೆ ಬಸ್ಸಿಲ್ಲ. ಲಾಂಚು ಯಾರದ್ದೆಂದು ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ ಬಂದರು ಪ್ರಾಧಿಕಾರದ್ದು ಎಂದರು. ಮೀನಿನ ದಕ್ಕೆ, ಹಡಗು, ಹೂಳೆತ್ತುವ ಯಂತ್ರ ಇವುಗಳ ಬಾಲಕ್ಕೆ ಮಲೆನಾಡಿನ ನಮ್ಮ ಲಾಂಚನ್ನೂ ಕಟ್ಟಿಬಿಟ್ಟಿದ್ದಾರೆ.

ಇಷ್ಟೆಲ್ಲ ನಾನು ವಿಚಾರಿಸಿದ್ದು ಅಕ್ಕನಿಗಾಗಿ. ನಾವಿಬ್ಬರೂ ಒಂದೇ ಮನೆಯಲ್ಲಿದ್ದವರು. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಅವಳ ಎರಡೂ ಕಾಲು ಸೋತಿವೆ. ಎರಡು ಊರುಗೋಲಿನ ಮೇಲೆ ಓಡಾಡುತ್ತಾಳೆ. ಪೇಟೆಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಕೊಪ್ಪದಿಂದಲೂ ಮದುವೆಯ ರವಿಕೆ ಹೊಲಿಸಲು ಅವಳಲ್ಲಿಗೇ ಬರುತ್ತಾರೆ. ಮಳೆಗಾಲದಿಂದ ಶಿವರಾತ್ರಿಯವರೆಗೆ ನೀರು ರಸ್ತೆಯ ತುದಿಗೇ ನಿಂತಿರುತ್ತದೆ, ಹಲಗೆಯ ಮೇಲೆ ಕೋಲೂರಿ ಅವಳೇ ಲಾಂಚು ಹತ್ತುತ್ತಾಳೆ. ಆಮೇಲೆ ಅಣೆಕಟ್ಟೆಯವರು ಕೆಳಗಿನ ಗದ್ದೆಗಳಿಗೆ ನೀರು ಬಿಡುತ್ತಾರೆ. ಹಿನ್ನೀರು ಹಿಂದೆ ಸರಿಯುತ್ತ ಹೋದ ಹಾಗೆ ರಸ್ತೆಗೂ ಲಾಂಚಿಗೂ ನಡುವೆ ಬರೀ ಕೆಸರು. ಗಟ್ಟಿ ಕಾಲಿನವರೇ ಚಪ್ಪಲಿ ಕೈಯಲ್ಲಿ ಹಿಡಿದು ಹೋಗಬೇಕು, ಇನ್ನು ಊರುಗೋಲು ಹೂತರೆ ಮೇಲೆ ಬರುವ ಮಾತೇ ಇಲ್ಲ.

ಆಗ ಲಾಂಚಿನ ಪ್ಲಾಸ್ಟಿಕ್ ಕುರ್ಚಿ ಬರುತ್ತದೆ. ಅವಳನ್ನು ಅದರಲ್ಲಿ ಕೂರಿಸಿ, ಇಬ್ಬರು ಎತ್ತಿಕೊಂಡು ಹೋಗುತ್ತಾರೆ. ಎತ್ತುವವರು ಒಳ್ಳೆಯವರೇ. ಆದರೂ ದಡದಲ್ಲಿ ಯಾರಾದರೊಬ್ಬರು "ಅಮ್ಮನವರ ಉತ್ಸವ ಹೊರಟಿತು" ಅನ್ನದೆ ಬಿಡುವುದಿಲ್ಲ. ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಾಳೆ. ನನ್ನ ಕಾಲಲ್ಲಿ ನಾನು ಹೋಗುವ ಹಾಗಾದರೆ ಸಾಕು ಮಾಣಿ, ಬೇರೆ ಎಂತದೂ ಬೇಡ ಎಂದು ಒಮ್ಮೆ ಹೇಳಿದ್ದಳು. ಪೇಟೆಯ ಕಡೆಯ ದಡದಲ್ಲಿ ನೀರು ಎಷ್ಟು ಇಳಿದರೂ ಜೊತೆಗೇ ಇಳಿಯುವ ಕಾಂಕ್ರೀಟಿನ ಇಳಿಜಾರಿದೆ. ನಮ್ಮ ದಡಕ್ಕೂ ಅಂಥದ್ದೊಂದು ಬೇಕಿತ್ತು. ಅಷ್ಟೇ.

ಅರ್ಜಿ ಬರೆದು ಬರೆದು ಕಾಟ ಕೊಟ್ಟಿದ್ದಕ್ಕೋ ಏನೋ, ಪ್ರಾಧಿಕಾರದವರು ನನ್ನನ್ನೇ ಪ್ರಯಾಣಿಕರ ಪ್ರತಿನಿಧಿ ಎಂದು ಸಭೆಗೆ ಕರೆದರು. ಶೃಂಗೇರಿಯ ಮೇಲೆ ಘಟ್ಟ ಇಳಿದು ಹೋದೆ. ತಣ್ಣಗಿನ ಸಭಾಂಗಣ, ಗೋಡೆಯ ಮೇಲೆ ದೊಡ್ಡ ಪರದೆ. ಬೆಳಗಿನ ಹೊತ್ತೆಲ್ಲ ಹಡಗಿನ ದಾರಿಯ ಹೂಳು, ದಕ್ಕೆಯ ಉದ್ದ, ಗೋದಾಮು. ನಮ್ಮಂಥ ಒಳನಾಡಿನ ಕಡವುಗಳ ಸರದಿ ಬಂದದ್ದು ಊಟಕ್ಕೆ ಏಳುವ ಗಡಿಬಿಡಿಯಲ್ಲಿ. ಆದರೂ ಒಂದು ವಿಷಯ ಅರ್ಥವಾಯಿತು. ಯಾವ ಕೆಲಸ ಮೊದಲು ಎಂಬುದಕ್ಕೆ ಅವರದ್ದೊಂದು ಅಂಕದ ಲೆಕ್ಕವಿದೆ: ಜನ ಎಷ್ಟು ಓಡಾಡುತ್ತಾರೆ, ಆದಾಯ ಎಷ್ಟು ಬರಬಹುದು, ಈಗಿನ ದಡದ ಸ್ಥಿತಿ ಹೇಗಿದೆ. ಜನದಲ್ಲೂ ಆದಾಯದಲ್ಲೂ ನಮಗೆ ಸೊನ್ನೆಯೇ ಗತಿ. ದಡ ಎಷ್ಟು ಕೆಟ್ಟಿದ್ದರೆ ಅಷ್ಟು ಹೆಚ್ಚು ಅಂಕ ಎಂಬ ಒಂದೇ ಒಂದು ಕಡೆ ನಮಗೆ ದಾರಿಯಿತ್ತು. ಬೇಸಿಗೆಯಲ್ಲೇ ಬಂದು ನೋಡಿ ಎಂದು ನಿಂತು ಕೇಳಿಕೊಂಡೆ. ಒಬ್ಬ ಮಹಿಳಾ ಇಂಜಿನಿಯರು ಬರೆದುಕೊಂಡರು. ಬರುವಾಗ ಬಸ್ಸಿನಲ್ಲಿ ನನಗೆ ಅದೆಷ್ಟು ಖುಷಿಯಾಗಿತ್ತೆಂದರೆ, ನಮ್ಮೂರ ಕೆಸರನ್ನು ನೆನೆದು ಹೆಮ್ಮೆಪಟ್ಟವನು ನಾನೊಬ್ಬನೇ ಇರಬೇಕು.

ಅವರು ಹೇಳಿದ ಮಾತಿಗೆ ತಪ್ಪಲಿಲ್ಲ, ಬರುತ್ತೇವೆಂದು ಫೋನು ಬಂತು. ಊರಿನಲ್ಲಿ ಸುದ್ದಿ ಹಬ್ಬಿ ದೊಡ್ಡಪ್ಪನ ಜಗಲಿಯಲ್ಲಿ ಎಲ್ಲರೂ ಸೇರಿದರು. ದೊಡ್ಡಪ್ಪ ಅಪ್ಪನ ಅಣ್ಣ, ಊರಿನ ಹಿರಿಯ, ಅವರ ಮಾತಿಗೆ ಎದುರಿಲ್ಲ. ಅವರ ಮನೆಯಲ್ಲಿ ಮೊಮ್ಮಗಳ ಮದುವೆ ಹತ್ತಿರದಲ್ಲಿತ್ತು. ಚಪ್ಪರಕ್ಕೆಂದು ಅಡಿಕೆ ಮರ ಸೀಳಿ ಮಾಡಿಸಿದ ದಬ್ಬೆ ಅಂಗಳದ ತುಂಬ ರಾಶಿ ಬಿದ್ದಿತ್ತು.

"ಇದನ್ನೇ ಕೆಸರಿನ ಮೇಲೆ ಹಾಸುವ. ಸಾಹೇಬ್ರ ಬೂಟು ಹೂತುಹೋದ್ರೆ ಊರಿನ ಮರ್ಯಾದೆ ಎಂತ ಆಗ್ಬೇಕು?" ಎಂದರು ದೊಡ್ಡಪ್ಪ.

"ಹೂತುಹೋಗ್ಲಿ ದೊಡ್ಡಪ್ಪ. ಅವ್ರು ಹೂತರೇ ನಮಗೆ ಅಂಕ" ಎಂದೆ. ಸಭೆಯಲ್ಲಿ ಕಂಡದ್ದನ್ನೆಲ್ಲ ಬಿಡಿಸಿ ಹೇಳಿದೆ.

"ಥೋ, ಸುಮ್ನಿರು ಮಾರಾಯ! ಮನೆಗೆ ಬರೋರನ್ನ ಕೆಸರಿಗೆ ದೂಡಿ ಅಂಕ ತಗೊಳ್ಳೂದಾ? ಕಷ್ಟ ಇದ್ರೆ ಬಾಯಲ್ಲಿ ಹೇಳುವ. ಅದೂ ಊಟ ಆದ್ಮೇಲೆ."

ಉಳಿದವರೆಲ್ಲ ತಲೆ ಆಡಿಸಿದರು. ನಮ್ಮ ಕಡೆ ಬಂದವರ ಕೈ ಎಲೆಯಿಂದ ಏಳುವ ಮೊದಲು ಯಾರೂ ತಮ್ಮ ಕಷ್ಟ ಎತ್ತುವುದಿಲ್ಲ. ಎತ್ತಿದರೆ ಉಂಡದ್ದಕ್ಕೆ ಕೂಲಿ ಕೇಳಿದ ಹಾಗೆ. ಮರುದಿನ ಊರಿಗೆ ಊರೇ ಕೆಸರಿಗಿಳಿಯಿತು. ಕಂಬಳಕ್ಕೆ ಬಂದವರ ಉತ್ಸಾಹ ಎಲ್ಲರಲ್ಲೂ. ರಸ್ತೆಯ ತುದಿಯಿಂದ ಲಾಂಚಿನ ಬಾಯಿಯವರೆಗೆ ಅಗಲವಾಗಿ, ಒತ್ತೊತ್ತಾಗಿ ದಬ್ಬೆ ಹಾಸಿ ಬಳ್ಳಿಯಲ್ಲಿ ಬಿಗಿದರು. ಜಾರಬಾರದೆಂದು ಮೇಲೆ ಮರಳನ್ನೂ ಉದುರಿಸಿದರು. ಅಷ್ಟು ಅಚ್ಚುಕಟ್ಟಾದ ಕೆಲಸ ಪ್ರಾಧಿಕಾರವೇ ಮಾಡಿಸಿದ್ದರೂ ಆಗುತ್ತಿರಲಿಲ್ಲ. ನಾನು ಕೈ ಕಟ್ಟಿಕೊಂಡು ದಡದಲ್ಲಿ ಕೂತೇ ಇದ್ದೆ.

ಇಂಜಿನಿಯರಮ್ಮ ಬಂದ ಬೆಳಿಗ್ಗೆ ಅಕ್ಕ ಅಂಗಡಿಗೆ ಹೊರಟಿದ್ದಳು. ದಬ್ಬೆಯ ಮೇಲೆ ಕೋಲು ಊರಿ ನೋಡಿದಳು. ನಿಂತಿತು. ಇನ್ನೊಂದು ಊರಿದಳು. ಟಕ್ ಟಕ್ ಎಂದು ಸದ್ದು ಮಾಡುತ್ತ, ಯಾರನ್ನೂ ನೋಡದೆ, ಒಬ್ಬಳೇ ಲಾಂಚಿನವರೆಗೆ ನಡೆದಳು. ಆ ಬೇಸಿಗೆಯಲ್ಲಿ ಅವಳ ಮುಖ ಅಷ್ಟು ತಿಳಿಯಾಗಿದ್ದುದನ್ನು ನಾನು ಕಂಡಿರಲಿಲ್ಲ. ಲಾಂಚಿನಿಂದ ಇಳಿಯುತ್ತಿದ್ದ ಇಂಜಿನಿಯರಮ್ಮ ಅವಳನ್ನು ನೋಡಿ ಪ್ರೀತಿಯಿಂದಲೇ ಕೇಳಿದರು: "ದಿನಾ ಹೀಗೇ ಹೋಗ್ತೀರಾ?"

ಅಕ್ಕ ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಕೈ ಮುಗಿದರು. "ಹೌದಮ್ಮ, ನಮ್ಮಲ್ಲಿ ಎಂತದೂ ತೊಂದರೆ ಇಲ್ಲ. ಬನ್ನಿ, ಮೊದಲು ಆಸರಿಗೆ ಕುಡೀರಿ."

ಊಟದ ಹೊತ್ತಿಗೆ ಅವರಿಗೆ ಮೇಲಿಂದ ಮೇಲೆ ಫೋನು. ಕಡುಬು ಅರ್ಧಕ್ಕೆ ಬಿಟ್ಟು ಎದ್ದರು. ನಾನು ಹಿಂದೆಯೇ ಓಡಿ, ದಡದಲ್ಲಿ ತಡೆದು, ಮೇಡಂ, ಇದು ನೀವು ಬರುತ್ತೀರೆಂದು ನಿನ್ನೆ ಹಾಸಿದ್ದು, ನಾಳೆ ತೆಗೆಯುತ್ತಾರೆ, ಕೆಳಗೆ ಇರುವುದು ಬರೀ ಕೆಸರು ಎಂದು ಹೇಳಿದೆ. ಅವರು ಕಾಲ ಕೆಳಗೆ ನೋಡಿದರು, ನನ್ನನ್ನೂ ನೋಡಿದರು.

"ಒಂದು ದಿನದಲ್ಲಿ ಇಷ್ಟು ಚೆನ್ನಾಗಿ ಹಾಸಿಕೊಳ್ಳೋರು, ಬೇಕಾದಾಗಲೆಲ್ಲ ಹಾಸಿಕೊಳ್ಳಬಹುದಲ್ಲ ಸಾರ್? ಏನೂ ಇಲ್ಲದ ಕಡವುಗಳು ಬೇಕಾದಷ್ಟಿವೆ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಉರಿದದ್ದು ಅವರ ಮೇಲಲ್ಲ.

ಮರುದಿನ ದಬ್ಬೆ ತೊಳೆದು ಚಪ್ಪರಕ್ಕೆ ಸಾಗಿಸಿದರು. ಅಕ್ಕ ಬಂದು ನೋಡಿದಾಗ ಕೆಸರು, ಕುರ್ಚಿ, ಕುರ್ಚಿಯ ಪಕ್ಕ ಇಬ್ಬರು. ಅವಳು ಕುರ್ಚಿಯಲ್ಲಿ ಕೂರಲಿಲ್ಲ. ಊರುಗೋಲುಗಳನ್ನು ನನ್ನ ಕೈಗೆ ಕೊಟ್ಟು, ನೆಲಕ್ಕೆ ಕೂತು, ಕೈಯೂರಿ ಸೊಂಟ ಎಳೆದುಕೊಳ್ಳುತ್ತ ಕೆಸರಿನಲ್ಲೇ ಲಾಂಚಿನವರೆಗೆ ಹೋದಳು. ಎತ್ತಲು ಬಾಗಿದವರನ್ನು ಮುಟ್ಟಬೇಡಿ ಎಂದಳು. ದಡದಲ್ಲಿ ಅವತ್ತು ಯಾರೂ ಉತ್ಸವದ ಮಾತೆತ್ತಲಿಲ್ಲ. ಆ ಸಂಜೆ ಅವಳು ಮನೆಗೆ ಬರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲೇ ಒಲೆ ಹೂಡಿದಳು.

ಆ ವರ್ಷದ ಒಳನಾಡಿನ ಹಣ ಪ್ರವಾಸಿಗರ ದೋಣಿವಿಹಾರಕ್ಕೆ ಹೋಯಿತು. ಅದರಿಂದ ಆದಾಯವಿದೆ. ನಮ್ಮ ಕಡವಿನ ಎದುರಿಗೆ 'ಸ್ಥಳೀಯರ ವ್ಯವಸ್ಥೆ ತೃಪ್ತಿಕರ' ಎಂದು ಮುಂದಿನ ಸಭೆಯಲ್ಲಿ ಪರದೆಯ ಮೇಲೆ ಬಂತು. ಅದನ್ನು ಓದಿ ಎದ್ದು ಬಂದವನು ಮತ್ತೆ ಆ ಸಭೆಗೆ ಹೋಗಿಲ್ಲ. ಪ್ರಾಧಿಕಾರವನ್ನು ಬೈಯುವುದು ಸುಲಭ, ಬೈಯುತ್ತಲೂ ಇದ್ದೇನೆ. ಆದರೆ ಅವರಿಗೆ ತೃಪ್ತಿಯಾಗುವ ಹಾಗೆ ಮಾಡಿ ತೋರಿಸಿದ್ದು ಯಾರು?

ಈ ಬೇಸಿಗೆಯಲ್ಲಿ ದೊಡ್ಡಪ್ಪನ ಇನ್ನೊಬ್ಬ ಮೊಮ್ಮಗಳ ಮದುವೆ. ಅಕ್ಕನನ್ನು ಕರೆಯಲು ತಾವೇ ಅಂಗಡಿಗೆ ಬಂದಿದ್ದರು, ನಾನೂ ಜೊತೆಗಿದ್ದೆ. ಅಕ್ಕ ಕಾಫಿ ಮಾಡಿ ಕೊಟ್ಟಳು, ಮದುಮಗಳ ರವಿಕೆಯ ಬಟ್ಟೆ ಬಿಡಿಸಿ ನೋಡಿದಳು, ಒಳ್ಳೆಯ ಬಣ್ಣ ಎಂದಳು. ಮನೆಗೆ ಬರುವ ಮಾತು ಮಾತ್ರ ಆಡಲಿಲ್ಲ. ಕೊನೆಗೆ ದೊಡ್ಡಪ್ಪನೇ, "ಬಾ ಕೂಸೇ. ಕೆಸರಿನ ಚಿಂತೆ ನಿಂಗೆ ಬೇಡ, ದಬ್ಬೆ ಹಾಸಿಸ್ತೇನೆ" ಎಂದರು.

ಅಕ್ಕ ಕತ್ತರಿ ಕೆಳಗಿಟ್ಟಳು.

"ಹೌದಾ ದೊಡ್ಡಪ್ಪ? ಈ ಸಲವೂ ಸಾಹೇಬ್ರು ಯಾರಾದ್ರೂ ಬರ್ತಾ ಇದಾರಾ?"

ದೊಡ್ಡಪ್ಪ ಲೋಟ ಕೆಳಗಿಟ್ಟು ಚಪ್ಪಲಿ ಹುಡುಕಿದರು. ಅಕ್ಕ ರವಿಕೆಯ ಬಟ್ಟೆಯನ್ನು ಮೊದಲಿನ ಹಾಗೇ ಮಡಿಸಿ ಬದಿಗಿಟ್ಟು, ಅಳತೆಗೆ ಹುಡುಗಿಯನ್ನು ಇಲ್ಲಿಗೇ ಕಳಿಸಿ ಎಂದಳು.