ಶಾಲು ಹೊದ್ದ ಟ್ರೇ

ಕೇಳದೆ ಮಾಡಿದರೆ ಬೈಗುಳ. ಕೇಳೋಣವೆಂದರೆ ಬಾಯಿ ಬರುವುದಿಲ್ಲ. ಸೀಗಡಿ ಅಕ್ಕ ಹೊದ್ದ ಕಪ್ಪು ಶಾಲಿನ ಜೊತೆಗೇ ಈ ಚಿಂತೆಯನ್ನೂ ಮನೆಯಿಂದ ಹೊತ್ತು ತಂದಿದ್ದಾರೆ. ಕಿಟಕಿಯಲ್ಲಿ ಈಗಷ್ಟೇ ಬೆಳಕು ಮೂಡುತ್ತಿದೆ. ಅವರ ಮುಂದೆ ತಲೆಕೆಳಗಾಗಿ ತೂಗುಬಿಟ್ಟ ದೊಡ್ಡ ಬಾಟಲಿಯಲ್ಲಿ ಉಪ್ಪುನೀರು ಗುಳುಗುಳು ಎನ್ನುತ್ತಿದೆ. ಗಾಳಿಯೂದುವ ಪಂಪು ನಿಲ್ಲಿಸಿ, ಬಾಟಲಿಯ ಕುತ್ತಿಗೆಗೆ ಟಾರ್ಚು ಹಿಡಿಯುತ್ತಾರೆ. ಮೊಟ್ಟೆಯ ಸಿಪ್ಪೆಗಳು ಮೇಲೆ ತೇಲುತ್ತವೆ. ಬೆಳಕಿನ ಆಸೆಗೆ ಕಿತ್ತಳೆ ಬಣ್ಣದ ಪುಟ್ಟ ಮೋಡವೊಂದು ಕೆಳಗಿಳಿದು ಬರುತ್ತದೆ. ನಿನ್ನೆ ಚಮಚದಲ್ಲಿ ಕಂದು ಪುಡಿಯಂತೆ ಕೂತಿದ್ದ ಒಣ ಮೊಟ್ಟೆ ಇವತ್ತು ಜೀವಂತ ಸೀಗಡಿ.

"ಎದ್ರಾ ಎಲ್ಲಾ?" ಎಂದು ಅವರು ಮೆಲ್ಲಗೆ ಕೇಳುತ್ತಾರೆ. ಸೀಗಡಿಗಳ ಜೊತೆ ಅವರಿಗೆ ಮಾತು ಸಲೀಸು.

ಈ ಸೀಗಡಿ ಮನುಷ್ಯರ ತಟ್ಟೆಗಲ್ಲ. ಅಪರೂಪದ ಪ್ರಾಣಿಗಳನ್ನು ಸಾಕುವ ಕೇಂದ್ರವಿದು. ಪಕ್ಕದ ಕೋಣೆಯ ಟ್ರೇಗಳಲ್ಲಿ ಸಾಲಮಾಂಡರ್ ಮರಿಗಳಿವೆ. ಕಪ್ಪೆಗೆ ಹತ್ತಿರದ ನೆಂಟ. ಆದರೆ ದೊಡ್ಡದಾದ ಮೇಲೂ ಬಾಲ ಬಿಡದ ಜಾತಿ. ಮೊಟ್ಟೆಯೊಡೆದು ಬಂದ ಮರಿ ಗಾಜಿನ ಚೂರಿನಂತೆ ಪಾರದರ್ಶಕ, ಅಲ್ಲಾಡುವುದನ್ನು ಬಿಟ್ಟು ಬೇರೇನನ್ನೂ ತಿನ್ನದು. ಕಳೆದೆರಡು ವರ್ಷವೂ ಮರಿಗಳು ಹುಟ್ಟಿದವು. ಹೊಟ್ಟೆಗೆ ಏನೂ ಬೀಳದೆ ಸೊರಗಿ ಹೋದವು. ತಾಯಿಗೆ ವಯಸ್ಸಾಗಿದೆ, ಇನ್ನೊಮ್ಮೆ ಮೊಟ್ಟೆಯಿಡುವ ಭರವಸೆಯಿಲ್ಲ. ಈ ಸಲದವು ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹುಟ್ಟಿ ಮೂರು ದಿನವಾಯಿತು, ಒಂದೂ ಸರಿಯಾಗಿ ಬಾಯಿ ಹಾಕಿಲ್ಲ.

ಸೀಗಡಿ ಅಕ್ಕ ಇಲ್ಲಿಗೆ ಬಂದದ್ದು ಗಾಜಿನ ತೊಟ್ಟಿ ತೊಳೆಯುವ ಕೆಲಸಕ್ಕೆ. ಸೀಗಡಿ ಬೆಳೆಸುತ್ತಿದ್ದವರು ಕೆಲಸ ಬಿಟ್ಟರು, ಬಾಟಲಿ ಇವರ ಪಾಲಿಗೆ ಬಂತು. ಆಮೇಲೆ ರಜೆಯೆಂಬುದು ಮಾತಿಗಷ್ಟೇ. "ಸೀಗಡಿಗೆ ಭಾನುವಾರ ಅಂದ್ರೆ ಗೊತ್ತಾಗಲ್ವಲ್ಲ" ಎನ್ನುತ್ತಾರೆ. ಉಪ್ಪು ಹೆಚ್ಚಾದರೂ ಕಷ್ಟ, ನೀರು ತಣ್ಣಗಾದರೂ ಕಷ್ಟ. ಶುರುವಿನಲ್ಲಿ ಹದ ಕಲಿಯಲು ಮನೆಯಲ್ಲೂ ಒಂದು ಬಾಟಲಿ ಕಟ್ಟಿದ್ದರು. ಅಡುಗೆಮನೆಯ ಡಬ್ಬಿ ಖಾಲಿಯಾದಾಗಲೆಲ್ಲ ಅತ್ತೆ ಕೂಗುತ್ತಿದ್ದರಂತೆ: "ಸಾರಿಗೆ ಉಪ್ಪಿಲ್ಲ, ಹುಳಕ್ಕೆ ಸಮುದ್ರ! ಉಪ್ಪು ತಿಂದವರು ನೀರು ಕುಡೀಬೇಕು ಅಂತಾರೆ, ಇವಳ ಸಂಸಾರ ಅದರಲ್ಲೇ ಈಜುತ್ತೆ!"

ಅತ್ತೆಗೆ ಸೊಸೆಯ ಮೇಲೆ ದೂರಿರುವುದು ಉಪ್ಪಿನದಲ್ಲ, ಮೌನದ್ದು. ನೆಂಟರ ಮನೆ ಊಟಕ್ಕೆ ಹೋದರೆ ಸೊಸೆಗೆ ಕೊನೆಯ ಸಾಲಿನ ಕೊನೆಯ ಕುರ್ಚಿಯೇ ಬೇಕು. ಬಡಿಸುವವರು ಅಲ್ಲಿಗೆ ಬರುವಷ್ಟರಲ್ಲಿ ಪಾತ್ರೆಯ ತಳ ಕಾಣುತ್ತಿರುತ್ತದೆ. ಇನ್ನಷ್ಟು ಹಾಕಿ ಎನ್ನಲು ನಾಲಿಗೆ ಏಳುವುದಿಲ್ಲ. "ಬಾಯಿದ್ದವನು ಬರಗಾಲದಲ್ಲೂ ಬದುಕಿದ. ನೀನು ಊಟದ ಮನೇಲೇ ಉಪವಾಸ ಬೀಳ್ತೀಯಲ್ಲೇ!" ಎಂದು ಅತ್ತೆ ಗದರುತ್ತಾರೆ, ಮನೆಗೆ ಬಂದ ಮೇಲೆ ತಾವೇ ಕೂರಿಸಿ ಬಡಿಸುತ್ತಾರೆ.

ಸೀಗಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಉಪ್ಪು ಹೋಗುವಂತೆ ಸಿಹಿನೀರಲ್ಲಿ ತೊಳೆದು, ಅಕ್ಕ ಪಕ್ಕದ ಕೋಣೆಯ ಟ್ರೇಗಳಿಗೆ ಹನಿಸುತ್ತಾರೆ. ಹನಿಸಿ ಬಗ್ಗಿ ನೋಡುತ್ತಾರೆ. ಇವತ್ತೂ ಅದೇ ಕಥೆ. ಸೀಗಡಿಗಳೆಲ್ಲ ಕಿಟಕಿಯ ಬೆಳಕು ಬೀಳುವ ಕಡೆಗೆ ಓಡಿ ಗುಂಪುಗೂಡಿವೆ. ಮರಿಗಳು ಎದುರು ತುದಿಯಲ್ಲಿ, ಎಲೆಯ ನೆರಳಲ್ಲಿ ಅವಿತಿವೆ. ಊಟ ಒಂದು ಮೂಲೆ, ಉಣ್ಣಬೇಕಾದವರು ಒಂದು ಮೂಲೆ. ಮರಿಗಳ ಮೇಲೆ ಕಣ್ಣಿಡಲು ಕಿಟಕಿ ತೆರೆದೇ ಇರಲಿ ಎಂದು ಕೇಂದ್ರ ನೋಡಿಕೊಳ್ಳುವ ಡಾಕ್ಟರಮ್ಮ ಹೇಳಿದ್ದಾರೆ. ಅದೂ ನ್ಯಾಯವೇ.

ಅಕ್ಕ ಬಾಗಿಲ ಕಡೆ ನೋಡುತ್ತಾರೆ. ಯಾರೂ ಇಲ್ಲ. ಶಾಲು ತೆಗೆದು ಕೊನೆಯ ಟ್ರೇಗೆ ಹೊದಿಸಿಬಿಡುತ್ತಾರೆ.

"ಏನಕ್ಕ, ಮರಿಗಳಿಗೆ ಚಳಿನಾ?" ತೊಟ್ಟಿ ತೊಳೆಯುವ ಅಣ್ಣ ಬಕೆಟ್ ಹಿಡಿದು ಒಳಗೆ ಬರುತ್ತಾರೆ. "ಟೋಪಿನೂ ಹಾಕ್ಬಿಡಿ!"

ಅಕ್ಕ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾರೆ.

ಗಂಟೆ ಕಳೆದ ಮೇಲೆ ಡಾಕ್ಟರಮ್ಮ ಬಂದವರೇ ಟ್ರೇಗಳ ಮುಂದೆ ನಿಲ್ಲುತ್ತಾರೆ. ಮೊದಲನೆಯದು ನೋಡಿ ನಿಟ್ಟುಸಿರು. ಎರಡನೆಯದಕ್ಕೂ ಅದೇ. ಕೊನೆಯದರ ಹತ್ತಿರ ಹುಬ್ಬೇರುತ್ತದೆ.

"ಇದೇನಿದು, ಶಾಲು ಒಣಹಾಕಿದ್ದು ಯಾರು?"

ತೊಟ್ಟಿಯ ಅಣ್ಣ ನೆಲ ನೋಡುತ್ತಾರೆ. ಅಕ್ಕ ಗೋಡೆ ನೋಡುತ್ತಾರೆ. ಡಾಕ್ಟರಮ್ಮ ಶಾಲಿನ ಅಂಚು ಎತ್ತುತ್ತಾರೆ, ಬಗ್ಗುತ್ತಾರೆ, ಹಾಗೇ ನಿಂತುಬಿಡುತ್ತಾರೆ.

ಒಂದೊಂದು ಮರಿಯ ಗಾಜಿನ ಹೊಟ್ಟೆಯೊಳಗೂ ಕಿತ್ತಳೆ ಬಣ್ಣದ ದೀಪ ಹೊತ್ತಿಕೊಂಡಿದೆ. ಕತ್ತಲಲ್ಲಿ ಸೀಗಡಿಗಳಿಗೆ ಓಡಲು ಬೆಳಕಿನ ದಿಕ್ಕೇ ಇರಲಿಲ್ಲ. ಟ್ರೇ ತುಂಬ ಚೆದುರಿ, ಎಲೆಯ ಅಡಿಗೂ ಹೋಗಿವೆ. ಮರಿಗಳು ಅವಿತಲ್ಲೇ ಬಾಯಿ ತೆರೆದಿವೆ. ಎಲೆಯ ಹೊರಗೆ ತಲೆ ಹಾಕಿರುವ ಮರಿಯೊಂದು ಎಲ್ಲರ ಕಣ್ಣೆದುರೇ ಗಬಕ್ಕೆಂದು ಇನ್ನೊಂದು ಸೀಗಡಿಯನ್ನು ನುಂಗುತ್ತದೆ.

"ತಿಂದಿವೆ!" ಡಾಕ್ಟರಮ್ಮನ ಕೂಗಿಗೆ ಕಿಟಕಿಯ ಗಾಜು ನಡುಗುತ್ತದೆ. "ಅಣ್ಣಾ, ಬಟ್ಟೆ ತನ್ನಿ! ಸಿಕ್ಕಿದ ಬಟ್ಟೆ ಎಲ್ಲಾ ತನ್ನಿ!"

ಟವೆಲು ಬರುತ್ತದೆ, ಏಪ್ರನ್ ಬರುತ್ತದೆ, ಬಾಗಿಲ ಪರದೆಯೇ ಕೆಳಗಿಳಿಯುತ್ತದೆ. ಡಾಕ್ಟರಮ್ಮ ತಮ್ಮ ಬಿಳಿ ಕೋಟು ಬಿಚ್ಚಿ ಹೊದಿಸುತ್ತಾರೆ. "ಬಿಳಿ ಬಟ್ಟೇಲಿ ಬೆಳಕು ಇಳಿಯುತ್ತೆ, ಎರಡು ಮಡಿಕೆ ಮಾಡಿ" ಎಂದು ಅಣ್ಣ ಈಗ ತಾವೇ ಪಂಡಿತರು. ಬಿಸಿಲೇರಿ ಹೊದಿಕೆ ಸರಿಸಿದಾಗ ಸಾಲಿಗೆ ಸಾಲೇ ಕಿತ್ತಳೆ. ಸೊರಗಿದ್ದೊಂದೂ ಕಾಣುವುದಿಲ್ಲ. ಎರಡು ವರ್ಷ ಖಾಲಿ ಹೊಟ್ಟೆಗಳನ್ನೇ ಕಂಡಿದ್ದ ಕೋಣೆಯಲ್ಲಿ ಮೂವರೂ ಸುಮ್ಮನೆ ನಿಂತು ನಗುತ್ತಾರೆ.

"ಅಕ್ಕಾ, ಶಾಲು ನಿಮ್ಮದೇ ತಾನೆ?" ಡಾಕ್ಟರಮ್ಮ ತಿರುಗುತ್ತಾರೆ. "ನಿಮಗೆ ಹೇಗೆ ಹೊಳೀತು ಇದು?"

ಎಂದಿನಂತೆ ಅಕ್ಕ ಗೋಡೆಯ ಕಡೆ ತಿರುಗಬೇಕಿತ್ತು. ತಿರುಗುವುದಿಲ್ಲ. ಟ್ರೇಯಲ್ಲಿ ಹೊಟ್ಟೆ ತುಂಬಿ ಎಲೆಯಡಿಗೆ ಮರಳುತ್ತಿರುವ ಮರಿಯೊಂದನ್ನು ನೋಡುತ್ತಾರೆ. ಆಮೇಲೆ ಇಡೀ ಕೋಣೆಗೆ ಕೇಳುವಂತೆ ಹೇಳುತ್ತಾರೆ:

"ನಾಚಿಕೆ ಇರೋರು ಹಸಿವಾದ್ರೂ ಎದ್ದು ಬರಲ್ಲ, ಡಾಕ್ಟರಮ್ಮ. ಊಟಾನೇ ಅವರಿರೋ ಕಡೆಗೆ ಹೋಗ್ಬೇಕು. ನನಗೆ ಗೊತ್ತು."